ವೇರೂಳಿನ ಬೆಟ್ಟಕ್ಕೆ ಹೊರಡುವ ಮುನ್ನ

ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ನಮ್ಮ ಸಂಘದ ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಆಶ್ಚರ್ಯವೇ ಆಯಿತು. ನಾನು ವಾಣಿಜ್ಯಶಾಸ್ತ್ರದ ಪದವೀಧರ. ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಪರಿಶೀಲಿಸುವುದು ನನ್ನ ಉದ್ಯೋಗ. ವೈದ್ಯಶಾಸ್ತ್ರದ ಗಂಧಗಾಳಿ ನನಗಿಲ್ಲ. “ನೀವು ಪ್ರವಾಸದ ವಿಷಯವನ್ನೇ ಬರೆಯಿರಿ, ಆದರೆ ದೇವಗಿರಿಯಲ್ಲಿ ನಿಮ್ಮ ತಂದೆಯವರಿಗಾದ ಪ್ರಸಂಗವನ್ನು ಮಾತ್ರ ಬಿಡಬೇಡಿ” ಎಂದು ಅವರು ಹೇಳಿದ ಮೇಲೆ ಲೇಖನಿಯನ್ನು ಹಿಡಿದಿದ್ದೇನೆ. ಮನೆಯ ಹಿರಿಯರನ್ನು ಕರೆದುಕೊಂಡು ಪ್ರವಾಸಕ್ಕೆ ಹೊರಡುವ ಸಂಘದ ಸದಸ್ಯರಿಗೆ ಇದರಿಂದ ಏನಾದರೂ ಪ್ರಯೋಜನವಾದೀತೆಂಬ ಆಸೆಯೂ ಇದೆ.

ಮುಂಬಯಿಯಲ್ಲಿ ನೆಲಸಿರುವ ನಮ್ಮಂಥವರಿಗೆ ರಜೆಯೆಂದರೆ ಊರು. ವರ್ಷವಿಡೀ ಕೂಡಿಟ್ಟ ರಜೆಯೆಲ್ಲವೂ ಊರಿನ ಮದುವೆ, ಮುಂಜಿ, ನಾಗಪ್ರತಿಷ್ಠೆ, ಆಸ್ತಿಯ ತಕರಾರುಗಳಲ್ಲಿ ಖರ್ಚಾಗಿ ಹೋಗುತ್ತದೆ. ಹೀಗಾಗಿ ನಾವು ನೆಲಸಿರುವ ಮಹಾರಾಷ್ಟ್ರವನ್ನು ರೈಲಿನ ಕಿಟಕಿಯಿಂದ ನೋಡಿದ್ದೇವೆಯೇ ಹೊರತು ಇಳಿದು ನೋಡಿದವರು ಕಡಿಮೆ. ನಮ್ಮ ಮಕ್ಕಳಂತೂ ರಾಷ್ಟ್ರಕೂಟರ ಹೆಸರನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಆ ಅರಸರು ಕಡೆಯಿಸಿದ ಬೆಟ್ಟವು ಮುಂಬಯಿಯಿಂದ ಒಂದು ಹಗಲಿನ ಪ್ರಯಾಣದಷ್ಟೇ ದೂರದಲ್ಲಿದೆಯೆಂಬುದು ಅವರಿಗೆ ತಿಳಿಯದು. (ಬ್ಯಾಂಕಿನ ಸಹೋದ್ಯೋಗಿಗಳಿಗೆ ಒಂದು ಕಿವಿಮಾತು: ನಾಲ್ಕು ವರ್ಷಗಳ ಕಂತಿನ ಎಲ್.ಎಫ್.ಸಿ. ಸೌಲಭ್ಯವನ್ನು ಇಷ್ಟು ಹತ್ತಿರದ ಪ್ರವಾಸಕ್ಕೆ ವ್ಯಯ ಮಾಡಬೇಡಿ. ಅದನ್ನು ಹಿಮಾಲಯಕ್ಕೆ ಕಾಯ್ದಿರಿಸಿ.)

ಛತ್ರಪತಿ ಸಂಭಾಜಿನಗರದಿಂದ, ಎಂದರೆ 2023ರವರೆಗೆ ಔರಂಗಾಬಾದ್ ಎಂದೇ ಕರೆಯಲಾಗುತ್ತಿದ್ದ ನಗರದಿಂದ, ವಾಯವ್ಯ ದಿಕ್ಕಿಗೆ ಹೊರಟರೆ ಹದಿನೈದು ಕಿಲೋಮೀಟರಿಗೆ ದೇವಗಿರಿಯ ಕೋಟೆ ಎದುರಾಗುತ್ತದೆ. ಅಲ್ಲಿಂದ ಚಿಕ್ಕದೊಂದು ಘಟ್ಟವನ್ನು ಏರಿದರೆ ಖುಲ್ತಾಬಾದ್. ಮತ್ತೆ ನಾಲ್ಕೈದು ಕಿಲೋಮೀಟರ್ ಇಳಿದರೆ ಬೆಟ್ಟದ ಪಶ್ಚಿಮದ ಮಗ್ಗುಲಲ್ಲಿ ವೇರೂಳು, ಅಂದರೆ ನಮ್ಮ ಪಠ್ಯಪುಸ್ತಕಗಳ ಎಲ್ಲೋರ. ಎಲ್ಲರೂ ಇದನ್ನು ಗುಹೆಗಳ ಊರೆಂದು ಹೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ಮೊದಲು ಒಂದು ಬೆಟ್ಟ, ಅನಂತರ ಗುಹೆ. ಬೆಟ್ಟದ ಸ್ವಭಾವವನ್ನು ತಿಳಿಯದೆ ಹೋದವರು ಗುಹೆಗಳನ್ನು ಸರಿಯಾಗಿ ನೋಡಲಾರರು. ಈ ಮಾತನ್ನು ನಾನು ಹೇಳುತ್ತಿರುವುದು ಒಮ್ಮೆ ದಂಡ ತೆತ್ತ ಮೇಲೆ.

ನನ್ನ ತಂದೆಯವರು ಅಂಕೋಲೆಯ ಕಡೆಯವರು. 1962ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಮುಂಬಯಿಗೆ ಬಂದು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಅನಂತರ ಒಂದು ಬಟ್ಟೆ ಗಿರಣಿಯಲ್ಲಿ ಹಾಜರಿ ಗುಮಾಸ್ತರಾದರು. 1982ರ ಗಿರಣಿ ಮುಷ್ಕರದಲ್ಲಿ ಆ ಕೆಲಸವೂ ಹೋಗಿ ಮತ್ತೆ ಉಪಾಹಾರಗೃಹದ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತರು. ರಾತ್ರಿಶಾಲೆಯ ಇತಿಹಾಸದ ಮಾಸ್ತರರೊಬ್ಬರು ಒಂದು ಸಂಜೆ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಿಂದ ಕೈಲಾಸ ದೇವಾಲಯವನ್ನು ಬರೆದು, “ಇದನ್ನು ಕಟ್ಟಿದ್ದಲ್ಲ, ಮೇಲಿನಿಂದ ಕೆಳಕ್ಕೆ ಕಡೆದದ್ದು, ಕಡೆಯಿಸಿದವನು ನಮ್ಮ ಕೃಷ್ಣರಾಜ” ಎಂದಿದ್ದರಂತೆ. ಅದನ್ನು ಒಮ್ಮೆ ನೋಡಬೇಕೆಂಬ ಆಸೆ ಅವರ ಮನಸ್ಸಿನಲ್ಲಿ ಐವತ್ತು ವರ್ಷಗಳಿಗೂ ಮೀರಿ ಉಳಿದಿತ್ತು. ಬಿಡುವು ಮಾತ್ರ ಇರಲಿಲ್ಲ.

2017ರ ಮೇ ತಿಂಗಳಿನಲ್ಲಿ ಮಕ್ಕಳ ಶಾಲೆಗೆ ರಜೆ ಬಂದಾಗ ನಾನು ಪ್ರವಾಸದ ಯೋಜನೆಯನ್ನು ಹಾಕಿದೆ. ಬ್ಯಾಂಕಿನವನ ಯೋಜನೆ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಗೀಟು ಹಾಕಿದ ಕಾಗದದಲ್ಲಿ ಎಡಕ್ಕೆ ಗಂಟೆ, ಬಲಕ್ಕೆ ಸ್ಥಳ. ರಾತ್ರಿಯ ರೈಲು, ನಸುಕಿನಲ್ಲಿ ಇಳಿಯುವುದು, ಹತ್ತು ಗಂಟೆಗೆ ದೇವಗಿರಿ, ಒಂದಕ್ಕೆ ಖುಲ್ತಾಬಾದ್, ಎರಡಕ್ಕೆ ಘೃಷ್ಣೇಶ್ವರ, ಮೂರಕ್ಕೆ ಕೈಲಾಸ, ಆರಕ್ಕೆ ಬೀಬೀ ಕಾ ಮಕ್ಬರಾ, ಮರುದಿನ ಅಜಂತಾ. ಎರಡು ದಿನಗಳಲ್ಲಿ ಆರು ಸ್ಥಳಗಳು! ಒಂದೊಂದು ಸ್ಥಳಕ್ಕೆ ತಗಲುವ ವೆಚ್ಚವನ್ನೂ ತೆಗೆದಿದ್ದೆ. ಎಪ್ಪತ್ತೊಂದು ವರ್ಷದ ತಂದೆಯವರಿಗೆ ಹನ್ನೆರಡು ವರ್ಷಗಳಿಂದ ಮಧುಮೇಹವಿತ್ತು. ಅವರಿಗೆ ಎಷ್ಟು ಮೆಟ್ಟಿಲು ತಗಲುತ್ತದೆಂಬ ಲೆಕ್ಕಕ್ಕೆ ಆ ಕಾಗದದಲ್ಲಿ ಅಂಕಣವೇ ಇರಲಿಲ್ಲ.

ರಾತ್ರಿ ಅವರಿಗೆ ಸರಿಯಾಗಿ ನಿದ್ರೆ ಬರಲಿಲ್ಲ. ಬೆಳಿಗ್ಗೆ ಏಳು ಗಂಟೆಗೆ ವಾಡಿಕೆಯಂತೆ ಮಾತ್ರೆಯನ್ನು ನುಂಗಿ, ಚಹದೊಡನೆ ಎರಡು ಬಿಸ್ಕತ್ತು ತಿಂದರು. ಕೋಟೆಯ ಬಳಿ ತಿಂಡಿ ತಿನ್ನೋಣವೆಂದೆ. ಅಲ್ಲಿ ಮುಟ್ಟಿದಾಗ, ಬಿಸಿಲೇರುವ ಮುನ್ನ ಹತ್ತಿಬಿಡೋಣ, ತಿಂಡಿ ಆಮೇಲೆ ಎಂದೆ. ದೇವಗಿರಿಯ ತುದಿಗೆ ಸುಮಾರು 750 ಮೆಟ್ಟಿಲುಗಳು. ಅರ್ಧದಾರಿಯಲ್ಲಿ, ‘ಅಂಧೇರಿ’ ಎಂದು ಕರೆಯುವ ಕತ್ತಲೆಯ ಸುರಂಗಮಾರ್ಗದ ಸಮೀಪದಲ್ಲಿ, ತಂದೆಯವರು ಇದ್ದಕ್ಕಿದ್ದಂತೆ ಕುಳಿತುಬಿಟ್ಟರು. ಮೈಯೆಲ್ಲ ಬೆವರು, ಕೈಗಳು ನಡುಗುತ್ತಿದ್ದವು. ನನ್ನನ್ನು ತೀರಿಹೋದ ತಮ್ಮ ತಮ್ಮನ ಹೆಸರಿನಿಂದ ಕರೆದು, “ದೋಣಿ ಬಂತೇನೋ?” ಎಂದು ಕೇಳಿದರು. ಬಿಸಿಲಿನ ಝಳ ತಗಲಿತೆಂದು ತಿಳಿದು ನಾನು ತಲೆಗೆ ನೀರು ತಟ್ಟಿದೆ, ಬರಿಯ ನೀರನ್ನು ಕುಡಿಸಿದೆ. ಏನೂ ಗುಣ ಕಾಣಲಿಲ್ಲ. ಇಳಿದು ಬರುತ್ತಿದ್ದ ಮರಾಠಿ ಕುಟುಂಬವೊಂದರ ನಡುವಯಸ್ಸಿನ ಹೆಂಗಸೊಬ್ಬರು ಒಂದು ಕ್ಷಣ ನೋಡಿ, “ಶುಗರ್ ಆಹೇ ಕಾ?” ಎಂದರು. ಹೌದೆಂದೆ. ಅವರು ಮರುಮಾತಾಡದೆ ತಮ್ಮ ಚೀಲದಿಂದ ನಿಂಬೆಯ ಶರಬತ್ತಿನ ಬಾಟಲಿಯನ್ನು ತೆಗೆದು ನನ್ನ ಕೈಗಿತ್ತರು. ಹದಿನೈದು ನಿಮಿಷಗಳಲ್ಲಿ ತಂದೆಯವರು ನನ್ನನ್ನು ಗುರುತಿಸಿದರು. ಗುರುತಿಸಿ ಕೇಳಿದ ಮೊದಲ ಪ್ರಶ್ನೆ, “ಕೈಲಾಸ ಇನ್ನೆಷ್ಟು ದೂರ ಮಗಾ?”

ಅಂದು ಕೈಲಾಸವು ಅಲ್ಲಿಂದ ಹದಿನೈದು ಕಿಲೋಮೀಟರಿನ ಒಳಗೇ ಇತ್ತು. ನಾವು ಹೋಗಲಿಲ್ಲ. ನಗರದ ಆಸ್ಪತ್ರೆಯಲ್ಲಿ ಒಂದು ರಾತ್ರಿ ಕಳೆದು ಮುಂಬಯಿಗೆ ಮರಳಿದೆವು.

ಆ ದಿನ ಆದದ್ದೇನೆಂಬುದನ್ನು ಆಸ್ಪತ್ರೆಯ ವೈದ್ಯರು ನನಗೆ ಬಿಡಿಸಿ ಹೇಳಿದರು. ಅದನ್ನು ಇಲ್ಲಿ ಬರೆಯುವುದು ಅವಶ್ಯವೆಂದು ತಿಳಿಯುತ್ತೇನೆ. ಮಧುಮೇಹಕ್ಕೆ ಕೊಡುವ ಕೆಲವು ಮಾತ್ರೆಗಳು (ತಂದೆಯವರದು ಗ್ಲಿಮೆಪಿರೈಡ್) ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ನನ್ನು ಹೊರಡಿಸುತ್ತವೆ. ಹೊಟ್ಟೆಗೆ ಆಹಾರ ಬಿದ್ದಿದೆಯೋ ಇಲ್ಲವೋ ಎಂಬುದು ಮಾತ್ರೆಗೆ ತಿಳಿಯದು. ಊಟ ತಡವಾದರೂ ಅದು ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಅದರ ಮೇಲೆ ಮೆಟ್ಟಿಲು ಹತ್ತುವ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಹೀರತೊಡಗಿದರೆ ಅದರ ಪ್ರಮಾಣ ಇಳಿದುಹೋಗುತ್ತದೆ. ನೂರು ಮಿಲಿಲೀಟರ್ ರಕ್ತದಲ್ಲಿ 70 ಮಿಲಿಗ್ರಾಮಿಗಿಂತ ಕಡಿಮೆಯಾದರೆ ಅಪಾಯದ ಗಂಟೆ ಬಾರಿಸಿತೆಂದೇ ಲೆಕ್ಕ. ನಡುಕ, ಬೆವರು, ಹಸಿವು, ಎದೆಬಡಿತ, ಆ ಮೇಲೆ ಮಿದುಳಿಗೆ ಸಕ್ಕರೆ ಸಾಲದೆ ತಪ್ಪುಮಾತು, ಕಡೆಗೆ ಎಚ್ಚರ ತಪ್ಪುವುದು, ಇವು ಅದರ ಲಕ್ಷಣಗಳು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಜಮೆಯಾಗದ ಖಾತೆಯಿಂದ ಎರಡು ಕಡೆಯವರು ಒಮ್ಮೆಗೇ ಹಣ ತೆಗೆದಂತಾಯಿತು.

ಬಿಸಿಲಿನಿಂದ ಬರುವ ನಿತ್ರಾಣಕ್ಕೂ ಇದಕ್ಕೂ ಮೇಲ್ನೋಟಕ್ಕೆ ವ್ಯತ್ಯಾಸ ಕಾಣದಿರುವುದರಿಂದ ನನ್ನಂತಹವರು ಮೋಸಹೋಗುತ್ತಾರೆ. ಬೆರಳತುದಿಯ ರಕ್ತವನ್ನು ಪರೀಕ್ಷಿಸುವ ಚಿಕ್ಕ ಯಂತ್ರ ಜತೆಗಿದ್ದರೆ ಒಂದು ನಿಮಿಷದಲ್ಲಿ ನಿರ್ಧಾರವಾಗುತ್ತದೆ. ಯಂತ್ರವಿಲ್ಲದಿದ್ದರೆ ಕಾಯಬಾರದು. ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹೀಗೆ ಬೆವರಿ ನಡುಗಿದರೆ ಸಕ್ಕರೆ ಇಳಿದಿದೆಯೆಂದೇ ಭಾವಿಸಿ ಮೂರು ಚಮಚ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ನೀರಿನಲ್ಲಿ ಕಲಸಿ ಕುಡಿಸಬೇಕು. ಹದಿನೈದು ನಿಮಿಷ ಕಾದು, ಗುಣ ಕಾಣದಿದ್ದರೆ ಮತ್ತೊಮ್ಮೆ ಕೊಡಬೇಕು. ಚೇತರಿಸಿಕೊಂಡ ಮೇಲೆ ಒಂದಿಷ್ಟು ಚಪಾತಿಯನ್ನೋ ಅನ್ನವನ್ನೋ ತಿನ್ನಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಕೂಡದು, ಶ್ವಾಸನಾಳಕ್ಕೆ ಹೋದೀತು. ಮಗ್ಗುಲಾಗಿ ಮಲಗಿಸಿ 108ಕ್ಕೆ ದೂರವಾಣಿ ಮಾಡಬೇಕು. ಚೀಲದ ತಳದಲ್ಲಿ ಬಟ್ಟೆಯ ಕೆಳಗೆ ಸಕ್ಕರೆಯ ಪೊಟ್ಟಣವಿದ್ದು ಪ್ರಯೋಜನವಿಲ್ಲ. ಅದು ರೋಗಿಯ ಅಂಗಿಯ ಜೇಬಿನಲ್ಲೇ ಇರಬೇಕು.

ಅನಂತರ ತಂದೆಯವರು ಪ್ರವಾಸದ ಮಾತನ್ನೇ ಎತ್ತಲಿಲ್ಲ. ನಾನು ಎತ್ತಿದರೆ, “ನಿನಗೆ ತೊಂದರೆ” ಎಂದು ತೇಲಿಸಿಬಿಡುತ್ತಿದ್ದರು. ಎರಡು ವರ್ಷಗಳನ್ನು ಕೋವಿಡ್ ನುಂಗಿತು. 2022ರಲ್ಲಿ ಅವರಿಗೆ ಎಪ್ಪತ್ತಾರು ತುಂಬಿದಾಗ, ಇನ್ನು ತಡಮಾಡಿದರೆ ನನ್ನನ್ನು ನಾನೇ ಕ್ಷಮಿಸಲಾರೆನೆಂದು ಎರಡನೆಯ ಯೋಜನೆಗೆ ಕುಳಿತೆ. ಈ ಸಲ ಕಾಗದದ ಎಡಭಾಗದಲ್ಲಿ ಗಂಟೆಯನ್ನು ಬರೆಯದೆ ತಂದೆಯವರ ಊಟ, ಮಾತ್ರೆ, ನಿದ್ರೆಗಳನ್ನು ಬರೆದೆ. ಅವುಗಳ ನಡುವೆ ಉಳಿದ ಜಾಗದಲ್ಲಿ ಎಷ್ಟು ಸ್ಥಳ ಹಿಡಿಸುತ್ತದೋ ಅಷ್ಟೇ ಎಂದು ನಿಶ್ಚಯಿಸಿದೆ. ದಿನಕ್ಕೆ ಒಂದೇ ಹಿಡಿಸಿತು!

ಮೊದಲು ಕಾಲದ ಮಾತು. ಬೇಸಿಗೆಯಲ್ಲಿ, ಅಂದರೆ ಮಾರ್ಚಿನ ನಡುವಿನಿಂದ ಮಳೆ ಬೀಳುವವರೆಗೆ, ಹಿರಿಯರನ್ನು ಅಲ್ಲಿಗೆ ಕರೆದೊಯ್ಯಲೇಬಾರದು. ಮೇ ತಿಂಗಳಿನ ಮಧ್ಯಾಹ್ನ ಅಲ್ಲಿಯ ಉಷ್ಣತೆ ನಲವತ್ತು ಡಿಗ್ರಿಗೆ ಏರುವುದು ಸಾಮಾನ್ಯ. ಇದಕ್ಕೆ ಬೆಟ್ಟದ ಕಲ್ಲೂ ಸಹಾಯ ಮಾಡುತ್ತದೆ. ದಖ್ಖನ್ನಿನ ಕರಿಯ ಬಸಾಲ್ಟ್ ಶಿಲೆ ಹಗಲೆಲ್ಲ ಬಿಸಿಲನ್ನು ಕುಡಿದು, ಹೊತ್ತು ಇಳಿದ ಮೇಲೂ ಕಾವಲಿಯಂತೆ ಝಳ ಹೊಡೆಯುತ್ತದೆ. ಮಧುಮೇಹಿಗಳಿಗೆ ಇದರಲ್ಲಿ ಇನ್ನೊಂದು ಅಪಾಯವಿದೆ. ಅನೇಕರಿಗೆ ಅಂಗಾಲಿನ ಸ್ಪರ್ಶಜ್ಞಾನ ಕುಂದಿರುತ್ತದೆ. ದೇವಾಲಯದ ಹೊರಗೆ ಚಪ್ಪಲಿ ಬಿಟ್ಟು ಕಾದ ಕಲ್ಲಿನ ಮೇಲೆ ನಡೆದರೆ ಪಾದ ಸುಟ್ಟದ್ದೂ ತಿಳಿಯದೆ, ರಾತ್ರಿ ಕಾಲು ತೊಳೆಯುವಾಗ ಬೊಬ್ಬೆ ಕಾಣಿಸುತ್ತದೆ. ಆ ಗಾಯ ಬೇಗ ಮಾಯುವುದಿಲ್ಲ. ದಪ್ಪನೆಯ ಕಾಲುಚೀಲವೊಂದನ್ನು ಚೀಲದಲ್ಲಿಟ್ಟುಕೊಂಡರೆ ತೀರಿತು.

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬೆಟ್ಟವೆಲ್ಲ ಹಸಿರಾಗುತ್ತದೆ. ಆದರೆ ಮೆಟ್ಟಿಲುಗಳ ಮೇಲೆ ಪಾಚಿ. ಶ್ರಾವಣದಲ್ಲಿ ಘೃಷ್ಣೇಶ್ವರನ ಜ್ಯೋತಿರ್ಲಿಂಗಕ್ಕೂ, ಖುಲ್ತಾಬಾದಿನಲ್ಲಿ ಮಲಗಿರುವ ಭಂಗಿಯಲ್ಲಿರುವ ಭದ್ರ ಮಾರುತಿಗೂ ಬರುವ ಭಕ್ತರ ಸಂದಣಿ ಹೇಳತೀರದು. ನಾನು ಆಯ್ದುಕೊಂಡದ್ದು ಸೆಪ್ಟೆಂಬರ್ ತಿಂಗಳಿನ ನಡುಭಾಗವನ್ನು. ಗಣೇಶೋತ್ಸವ ಮುಗಿದಿತ್ತು, ನವರಾತ್ರಿ ಬಂದಿರಲಿಲ್ಲ. ತಾಯಿಯವರು, “ಪಿತೃಪಕ್ಷದಲ್ಲಿ ಯಾರಾದರೂ ಪ್ರವಾಸಕ್ಕೆ ಹೊರಡುತ್ತಾರೆಯೇ?” ಎಂದು ಆಕ್ಷೇಪಿಸಿದರು. ಯಾರೂ ಹೊರಡುವುದಿಲ್ಲವೆಂಬುದೇ ನನ್ನ ಲೆಕ್ಕಾಚಾರವಾಗಿತ್ತು. “ನಾನೇ ಪಿತೃ ಆಗುವ ಮೊದಲು ಹೋಗಿ ಬರೋಣ” ಎಂದು ತಂದೆಯವರು ನಕ್ಕುಬಿಟ್ಟರು. ತಾಯಿಯವರು ನಗಲಿಲ್ಲ, ಆದರೆ ಮತ್ತೆ ಆಡಲೂ ಇಲ್ಲ.

ಹೊರಡುವುದಕ್ಕೆ ಒಂದು ತಿಂಗಳ ಮುನ್ನ ಅವರನ್ನು ಕುಟುಂಬದ ವೈದ್ಯರಲ್ಲಿಗೆ ಕರೆದೊಯ್ದು, ಎಲ್ಲಿಗೆ ಹೋಗುತ್ತೇವೆ, ಎಷ್ಟು ನಡೆಯಬೇಕು ಎಂಬುದನ್ನು ತಿಳಿಸಿದೆವು. ವೈದ್ಯರು ಒಂದು ಮಾತ್ರೆಯನ್ನು ಬದಲಾಯಿಸಿದರು. ರಕ್ತದೊತ್ತಡಕ್ಕೆ ಮೂತ್ರ ಹೋಗಿಸುವ ಮಾತ್ರೆಯನ್ನು ತೆಗೆದುಕೊಳ್ಳುವವರು ಬಿಸಿಲಿನಲ್ಲಿ ಬೇಗನೆ ನಿತ್ರಾಣರಾಗುತ್ತಾರೆಂದು, ತಾಯಿಯವರ ವಿಷಯದಲ್ಲಿಯೂ ಎಚ್ಚರಿಸಿದರು. ಔಷಧಿಯನ್ನು ಪ್ರವಾಸಕ್ಕಾಗಿ ನಾವೇ ಹೆಚ್ಚುಕಡಿಮೆ ಮಾಡಿಕೊಳ್ಳುವುದು ತಪ್ಪು. ಆ ತಿಂಗಳು ತಂದೆಯವರು ಪ್ರತಿ ಸಂಜೆ ನಮ್ಮ ಕಟ್ಟಡದ ಎರಡು ಮಹಡಿಗಳನ್ನು ಹತ್ತಿ ಇಳಿದು ಅಭ್ಯಾಸ ಮಾಡಿದರು. ಇಳಿಯುವಾಗಲೇ ಮಂಡಿಗೆ ಹೆಚ್ಚು ಭಾರ ಬೀಳುವುದೆಂದು ಆಗ ತಿಳಿದು, ಒಂದು ಊರುಗೋಲನ್ನು ಕೊಂಡೆವು. ಅದನ್ನು ಹಿಡಿಯಲು ಅವರಿಗೆ ಮೊದಲು ಬಹಳ ಸಂಕೋಚವಿತ್ತು.

ಪ್ರಯಾಣಕ್ಕೆ ಹಗಲಿನ ರೈಲೇ ಉತ್ತಮ. ನಾವು ಬೆಳಿಗ್ಗೆ ಹೊರಡುವ ತಪೋವನ ಎಕ್ಸ್‌ಪ್ರೆಸ್ಸಿನಲ್ಲಿ ಹೋದೆವು. 2023ರ ಕೊನೆಯಿಂದ ವಂದೇ ಭಾರತ್ ರೈಲೂ ಆ ದಾರಿಯಲ್ಲಿ ಓಡುತ್ತಿದೆ. 2025ರ ಜೂನ್ ತಿಂಗಳಿನಲ್ಲಿ ಪೂರ್ಣಗೊಂಡ 701 ಕಿಲೋಮೀಟರಿನ ಸಮೃದ್ಧಿ ಮಹಾಮಾರ್ಗವು ದೇವಗಿರಿಯ ಸಮೀಪದಲ್ಲೇ ಹಾದುಹೋಗುವುದರಿಂದ ಕಾರಿನಲ್ಲಿ ಹೋಗುವವರೂ ಹೆಚ್ಚಾಗಿದ್ದಾರೆ. ಆದರೆ ತಿರುವಿಲ್ಲದ ಅಂತಹ ರಸ್ತೆಯಲ್ಲಿ ಚಾಲಕನಿಗೆ ಮಂಪರು ಕವಿಯುವ ಸಂಭವವಿದೆ. ಹಿರಿಯರ ಕಾಲುಗಳೂ ಜೋಮು ಹಿಡಿಯುತ್ತವೆ. ಎರಡು ಗಂಟೆಗೊಮ್ಮೆ ತಂಗುದಾಣದಲ್ಲಿ ಇಳಿದು ಹತ್ತು ನಿಮಿಷ ನಡೆಯಬೇಕು. ಇನ್ಸುಲಿನ್ನನ್ನು ಮುಚ್ಚಿದ ಕಾರಿನಲ್ಲಿ ಬಿಟ್ಟು ಹೋಗಬಾರದು. ಕಾವಿಗೆ ಅದರ ಶಕ್ತಿ ಕುಂದುತ್ತದೆ.

ರೈಲಿನಲ್ಲಿ ಹೋಗುವವರಿಗೆ ಒಂದು ಲಾಭವಿದೆ. ಕಸಾರಾ ಘಟ್ಟದಲ್ಲಿ ಕಿಟಕಿಯ ಹೊರಗೆ ಮೆಟ್ಟಿಲುಮೆಟ್ಟಿಲಾಗಿ ಕಾಣುವ ಬೆಟ್ಟಗಳನ್ನು ಮಕ್ಕಳಿಗೆ ತೋರಿಸಿರಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾರಸವು ಪದರದ ಮೇಲೆ ಪದರವಾಗಿ ಹರಿದು ಹೆಪ್ಪುಗಟ್ಟಿದ್ದು ಈ ನಾಡು. ಮುಂಬಯಿಯ ಘಾರಾಪುರಿ, ಕಾನ್ಹೇರಿಗಳ ಗುಹೆಗಳಿರುವುದೂ ಅದೇ ಶಿಲೆಯಲ್ಲಿ. ನಮ್ಮ ಬೆಳಗಾವಿ, ವಿಜಯಪುರಗಳ ಕರಿಯ ಎರೆಮಣ್ಣು ಅದೇ ಶಿಲೆ ಸವೆದು ಆದದ್ದು. ಎಲ್ಲ ಪದರಗಳೂ ಒಂದೇ ತೆರನಾಗಿಲ್ಲ. ಕೆಲವು ಹುಳು ತಿಂದಂತೆ ತೂತುತೂತು, ಕೆಲವು ಬಿರುಕಿಲ್ಲದ ಗಟ್ಟಿ ಬಂಡೆ. ಗಟ್ಟಿಯಾದ ದಪ್ಪ ಪದರ ಸಿಕ್ಕಿದಲ್ಲಿ ಶಿಲ್ಪಿ ಉಳಿಯಿಟ್ಟ. ವೇರೂಳಿನಲ್ಲಿ ಅಂತಹ ಬಂಡೆ ಬೆಟ್ಟದ ಪಶ್ಚಿಮದ ಅಂಚಿನಲ್ಲಿ ಎರಡು ಕಿಲೋಮೀಟರಿನಷ್ಟು ಉದ್ದಕ್ಕೆ ಹಬ್ಬಿದೆ. ಅಲ್ಲಿಯೇ ಬೌದ್ಧರ, ಹಿಂದೂಗಳ, ಜೈನರ 34 ಗುಹೆಗಳು ಸಾಲಾಗಿ ನಿಂತಿವೆ. ಮಳೆಗಾಲದಲ್ಲಿ 29ನೆಯ ಗುಹೆಯ ಪಕ್ಕದಲ್ಲಿ ಬೆಟ್ಟದ ಮೇಲಿನ ಹೊಳೆಯು ಅದೇ ಅಂಚಿನಿಂದ ಧುಮುಕುತ್ತದೆ. ಊರಿನವರು ಆ ಮಡುವನ್ನು ಸೀತೆಯ ಸ್ನಾನದ ಕೊಳವೆನ್ನುತ್ತಾರೆ. ನಾವು ಹೋದಾಗ ನೀರು ಬೀಳುತ್ತಿತ್ತು. ದೂರದಿಂದಲೇ ನೋಡಿದೆವು. ನೀರಿನ ಬಳಿಗೆ ಇಳಿಯುವ ಕಲ್ಲುಗಳು ಬಹಳ ಜಾರುತ್ತವೆ.

ಗುಹೆಗಳೆಲ್ಲ ಪಶ್ಚಿಮಕ್ಕೆ ಮುಖಮಾಡಿರುವುದರಿಂದ ಬೆಳಗಿನ ಸೂರ್ಯ ಬೆಟ್ಟದ ಬೆನ್ನಿಗಿರುತ್ತಾನೆ. ಮಧ್ಯಾಹ್ನದವರೆಗೆ ತಂಪು, ಮಧ್ಯಾಹ್ನದ ಮೇಲೆ ಬಿಸಿಲು ನೇರವಾಗಿ ಒಳಗೆ ನುಗ್ಗುತ್ತದೆ. ಚಿತ್ರ ತೆಗೆಯುವವರು ಮಧ್ಯಾಹ್ನ ಹೋಗಲಿ, ಹಿರಿಯರೊಡನೆ ಹೋಗುವವರು ಬೆಳಿಗ್ಗೆ ತಿಂಡಿ ತಿಂದು ಹೋಗಲಿ. ಮಂಗಳವಾರ ವೇರೂಳಿಗೆ ವಾರದ ರಜೆ, ಸೋಮವಾರ ಅಜಂತೆಗೆ. ಇದನ್ನು ಅರಿಯದೆ ಬಾಗಿಲಿನಿಂದ ಮರಳುವವರು ಅನೇಕರಿದ್ದಾರೆ. ಪ್ರವೇಶದ್ವಾರದ ಬಳಿಯೇ ಶೌಚಾಲಯಕ್ಕೆ ಹೋಗಿ ಬರಬೇಕು. ಮುಂದೆ ಸೌಕರ್ಯವಿಲ್ಲವೆಂದು ಹೆಂಗಸರು ನೀರನ್ನೇ ಕುಡಿಯದೆ ದಿನ ಕಳೆಯುತ್ತಾರೆ. ತಲೆನೋವು, ಉರಿಮೂತ್ರ ಎರಡಕ್ಕೂ ಅದೇ ಮೂಲ. ಬೆವರು ಹೆಚ್ಚಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಯಬಹುದು. ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳಿರುವವರು ಇದನ್ನು ಮುಂಚಿತವಾಗಿ ತಮ್ಮ ವೈದ್ಯರಲ್ಲಿ ವಿಚಾರಿಸಿಕೊಳ್ಳಬೇಕು. ಬಂಡೆಯಲ್ಲಿ ಹೆಜ್ಜೇನು ಗೂಡು ಕಟ್ಟುವುದುಂಟು. ಹೊಗೆ, ಕಲ್ಲೆಸೆತ, ಘಮಘಮಿಸುವ ಅತ್ತರು ಇವು ಬೇಡ. ಕೋತಿಗಳ ಎದುರಿಗೆ ತಿಂಡಿಯ ಪೊಟ್ಟಣವನ್ನು ಬಿಚ್ಚುವುದೂ ಬೇಡ.

ನಾವು ವೇರೂಳಿನಲ್ಲಿಯೇ ಒಂದು ಸಾಧಾರಣ ವಸತಿಗೃಹದಲ್ಲಿ ಮೂರು ರಾತ್ರಿ ಉಳಿದೆವು. ನಗರದಲ್ಲಿ ಇಳಿದುಕೊಂಡರೆ ದಿನವೂ ಅರುವತ್ತು ಕಿಲೋಮೀಟರಿನಷ್ಟು ಓಡಾಟ ಸುಮ್ಮನೆ ಬೀಳುತ್ತದೆ. ಮೊದಲ ದಿನ ವಿಶ್ರಾಂತಿ ಮತ್ತು ಸಂಜೆಗೆ ಘೃಷ್ಣೇಶ್ವರನ ದರ್ಶನ. ಹದಿನೆಂಟನೆಯ ಶತಮಾನದಲ್ಲಿ ಅಹಲ್ಯಾಬಾಯಿ ಹೋಳ್ಕರರು ಮರುನಿರ್ಮಿಸಿದ ಕೆಂಪು ಕಲ್ಲಿನ ಗುಡಿ ಅದು. ಗರ್ಭಗುಡಿಗೆ ಗಂಡಸರು ಅಂಗಿ ಕಳಚಿ ಹೋಗಬೇಕು. ತಂದೆಯವರ ಸಕ್ಕರೆಯ ಪೊಟ್ಟಣ ಅಂಗಿಯ ಜೇಬಿನಲ್ಲಿದ್ದುದರಿಂದ ಅದನ್ನು ಪಂಚೆಯ ಸೊಂಟಕ್ಕೆ ಸಿಕ್ಕಿಸಿದೆವು! ಕೊನೆಯ ದಿನಕ್ಕೆ ಖುಲ್ತಾಬಾದ್. ‘ಖುಲ್ದ್’ ಎಂದರೆ ಶಾಶ್ವತ ಸ್ವರ್ಗ. ಬುರ್ಹಾನುದ್ದೀನ್ ಗರೀಬ್, ಜೈನುದ್ದೀನ್ ಶಿರಾಜಿ ಮುಂತಾದ ಸೂಫಿ ಸಂತರ ದರ್ಗಾಗಳೂ, 1707ರಲ್ಲಿ ಅಹಮದನಗರದಲ್ಲಿ ತೀರಿಕೊಂಡ ಔರಂಗಜೇಬನ, ಆಕಾಶಕ್ಕೆ ತೆರೆದಿರುವ ಸರಳ ಸಮಾಧಿಯೂ ಅಲ್ಲಿವೆ. ಗುರುತಿನ ಚೀಟಿ ಜತೆಗಿದ್ದರೆ ಒಳ್ಳೆಯದು. ಹವೆ ನಗರಕ್ಕಿಂತ ತಂಪು. ಸಾವಧಾನವಿದ್ದವರು ಹನ್ನೆರಡು ಕಿಲೋಮೀಟರ್ ಆಚೆಗಿನ ಮ್ಹೈಸಮಾಳದ ಗುಡ್ಡಕ್ಕೂ ಹೋಗಬಹುದು. ದೇವಗಿರಿಯನ್ನು ನಾವು ಕೆಳಗಿನಿಂದಲೇ ನೋಡಿ ಕೈಮುಗಿದೆವು. ಲೋಣಾರದ ಉಲ್ಕಾಸರೋವರವನ್ನೂ ಇದೇ ಪ್ರವಾಸಕ್ಕೆ ಸೇರಿಸಿರೆಂದು ಸ್ನೇಹಿತರು ಸಲಹೆಯಿತ್ತಿದ್ದರು. ಅದು ನಗರದಿಂದ ಇನ್ನೊಂದು ದಿಕ್ಕಿಗೆ ಸುಮಾರು 140 ಕಿಲೋಮೀಟರ್ ದೂರದಲ್ಲಿದೆ. ಅಜಂತೆ ನೂರು ಕಿಲೋಮೀಟರ್. ಅವಕ್ಕೆ ಬೇರೆಯ ವರ್ಷ, ಬೇರೆಯ ರಜೆ.

ನಡುವಣ ದಿನವನ್ನೆಲ್ಲ 16ನೆಯ ಗುಹೆಗೆ ಬಿಟ್ಟಿದ್ದೆ. ಬೆಳಿಗ್ಗೆ ಎಂಟು ಗಂಟೆಗೆ ಒಳಹೊಕ್ಕಾಗ ಅಂಗಳದಲ್ಲಿ ಹತ್ತು ಜನರೂ ಇರಲಿಲ್ಲ. ಕೈಲಾಸದ ಅಂಗಳ ಸಮತಟ್ಟು. ಮೇಲಿನ ಮಂಟಪಕ್ಕೆ ಮೆಟ್ಟಿಲು ಹತ್ತಲಾರದವರೂ ಕೆಳಗಿನಿಂದ ಬಹುಭಾಗವನ್ನು ನೋಡಬಹುದು. ಸುಮಾರು 276 ಅಡಿ ಉದ್ದ, 154 ಅಡಿ ಅಗಲ, ಹಿಂಬದಿಯಲ್ಲಿ 107 ಅಡಿ ಆಳಕ್ಕೆ ಬೆಟ್ಟವನ್ನು ಕಡಿದು, ನಡುವೆ ಉಳಿಸಿಕೊಂಡ ಬಂಡೆಯಲ್ಲಿ ದೇವಾಲಯವನ್ನು ಬಿಡಿಸಿದ್ದಾರೆ. ಹೊರಗೆ ಹೊತ್ತುಹಾಕಿದ ಕಲ್ಲು ಎರಡು ಲಕ್ಷ ಟನ್ನಿನಷ್ಟೆಂದು ಅಂದಾಜು. ರಾಷ್ಟ್ರಕೂಟ ಒಂದನೆಯ ಕೃಷ್ಣನ ಆಳ್ವಿಕೆ ಸುಮಾರು 756ರಿಂದ 773ರವರೆಗೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವೇ ಇದಕ್ಕೆ ಮಾದರಿಯೆಂದು ವಿದ್ವಾಂಸರು ಹೇಳುತ್ತಾರೆ. ಅಲ್ಲಿ ಮರಳುಗಲ್ಲನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ್ದನ್ನು ಇಲ್ಲಿ ಕರಿಬಂಡೆಯಿಂದ ಕಳೆದು ತೆಗೆದರು. ಕಟ್ಟುವಾಗ ತಪ್ಪಾದರೆ ಕಲ್ಲು ಬದಲಿಸಬಹುದು. ಕಡೆಯುವಾಗ ತಪ್ಪಾದರೆ ಬದಲಿಸಲು ಬೇರೆ ಬೆಟ್ಟವೆಲ್ಲಿದೆ? ಇನ್ನೊಂದು ಸಂಗತಿ ನನಗೆ ಅಲ್ಲಿಯೇ ಹೊಳೆಯಿತು. ಅಮೋಘವರ್ಷನ ಆಸ್ಥಾನದ ‘ಕವಿರಾಜಮಾರ್ಗ’ವು ಕನ್ನಡನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳುತ್ತದೆ. ಗೋದಾವರಿ ಹರಿಯುವುದು ವೇರೂಳಿಗೆ ದಕ್ಷಿಣದ ಪೈಠಣದಲ್ಲಿ. ಹಾಗಾದರೆ ಆ ಗ್ರಂಥಕ್ಕೂ ಹಿಂದೆಯೇ ಕೃಷ್ಣರಾಜನು ಕನ್ನಡನಾಡಿನ ಎಲ್ಲೆಯ ಆಚೆಗೆ ಬಂದು ಇದನ್ನು ಮಾಡಿಸಿದ. ಊರು ಬಿಟ್ಟು ಬಂದು ಏನನ್ನಾದರೂ ಮಾಡಿ ಉಳಿಸಿದವರಲ್ಲಿ ನಾವೇ ಮೊದಲಿಗರಲ್ಲ.

ತಂದೆಯವರು ಆನೆಯ ಶಿಲ್ಪವೊಂದರ ನೆರಳಿನಲ್ಲಿ ಮಡಿಸುವ ಕುರ್ಚಿಯ ಮೇಲೆ ಎರಡು ಗಂಟೆಗಳ ಕಾಲ ಕುಳಿತಿದ್ದರು. ಹನ್ನೊಂದಕ್ಕೆ ಚಪಾತಿಯ ಸುರುಳಿಯೊಂದನ್ನು ಹೊರಗೆ ಕರೆದೊಯ್ದು ತಿನ್ನಿಸಿದೆ. ಸಕ್ಕರೆಯ ಅಂಶ 132 ಇತ್ತು. ಮತ್ತೆ ಒಳಗೆ ಹೋಗಿ ದಕ್ಷಿಣದ ಮಗ್ಗುಲಲ್ಲಿ ಕೈಲಾಸವನ್ನೆತ್ತುವ ರಾವಣನ ಮುಂದೆ ನಿಂತು, “ಮಾಸ್ತರರು ಬೋರ್ಡಿನ ಮೇಲೆ ಇವನನ್ನು ಬರೆದಿರಲಿಲ್ಲ” ಎಂದರು. ನನ್ನ ಮಗಳು ಮೇಲಿನಿಂದ ಶಿಖರ ನೋಡಬೇಕೆಂದು ಹಟ ಹಿಡಿದಾಗ ನಾನೊಬ್ಬನೇ ಅವಳ ಕೈಹಿಡಿದು ಪಕ್ಕದ ಬೆಟ್ಟದ ದಾರಿಯಲ್ಲಿ ಸ್ವಲ್ಪ ದೂರ ಹತ್ತಿ ಬಂದೆ. ಮಕ್ಕಳ ಕೈಯನ್ನು ಅಲ್ಲಿ ಒಂದು ಕ್ಷಣವೂ ಬಿಡಬಾರದು. ಕೆಳಗೆ ನೋಡಿದಾಗ ಅಂಗಳದಲ್ಲಿ ತಂದೆಯವರ ಬಿಳಿಯ ಟೋಪಿ ಒಂದು ಅಕ್ಕಿಕಾಳಿನಷ್ಟು ಕಾಣುತ್ತಿತ್ತು.

ಮಧ್ಯಾಹ್ನದ ನಿದ್ರೆಯಾದ ಮೇಲೆ ರಸ್ತೆಯ ಬದಿಗೆ ಬಂದು ನಿಂತಿದ್ದೆವು. ನಗರದ ಕಡೆಯಿಂದ ಬಂದ ಎಸ್.ಟಿ. ಬಸ್ಸಿನ ಹಣೆಯ ಮೇಲೆ ದೇವನಾಗರಿಯಲ್ಲಿ ‘ಕನ್ನಡ’ ಎಂದು ಬರೆದಿತ್ತು. ತಂದೆಯವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅಲ್ಲಿಂದ ಮೂವತ್ತು ಕಿಲೋಮೀಟರಿನಷ್ಟು ಮುಂದೆ ಆ ಹೆಸರಿನ ತಾಲ್ಲೂಕು ಕೇಂದ್ರವೊಂದಿದೆ. ನನ್ನ ಕಾಗದದಲ್ಲಿ ಅದಿರಲಿಲ್ಲ. ಆದರೆ ಆ ಸಂಜೆ ಖಾಲಿಯಿತ್ತು, ಊಟಕ್ಕೆ ಇನ್ನೂ ಹೊತ್ತಿತ್ತು, ಜೇಬಿನಲ್ಲಿ ಸಕ್ಕರೆಯಿತ್ತು. ಎಲ್ಲರೂ ಹತ್ತಿದೆವು. ಎಪ್ಪತ್ತೈದು ಮೀರಿದವರಿಗೆ ರಾಜ್ಯದ ಎಸ್.ಟಿ. ಬಸ್ಸುಗಳಲ್ಲಿ ಪ್ರಯಾಣ ಉಚಿತವೆಂಬ ನಿಯಮ ಆ ವರ್ಷದ ಆಗಸ್ಟಿನಲ್ಲಷ್ಟೇ ಜಾರಿಗೆ ಬಂದಿತ್ತು. ಕಂಡಕ್ಟರ್ ಆಧಾರ್ ಚೀಟಿಯನ್ನು ನೋಡಿ ತಂದೆಯವರ ಕೈಗೆ ಸೊನ್ನೆ ರೂಪಾಯಿಯ ಟಿಕೆಟ್ಟನ್ನಿತ್ತು, ಎಲ್ಲಿಗೆ ಎಂದು ಕೇಳಿದ. ತಂದೆಯವರು ಅರುವತ್ತು ವರ್ಷಗಳ ಮುಂಬಯಿ ವಾಸದಲ್ಲಿ ಕಲಿತ ಅಚ್ಚ ಮರಾಠಿಯಲ್ಲಿ, “ಕನ್ನಡಕ್ಕೆ” ಎಂದರು.